ಆರ್ಕ್ ದ್ವೀಪದಲ್ಲಿ ಜೇನು ಸಾಕಿದ್ದು

ಹೆಜ್ಜೇನನ್ನು ಸಾಕಲು ಬರುವುದಿಲ್ಲ ಎಂಬ ಮಾತನ್ನು ಕೇಳುತ್ತಲೇ ಬೆಳೆದವನು ನಾನು. ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ದೊಡ್ಡಪ್ಪ ಅಡಿಕೆ ತೋಟದ ಅಂಚಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳನ್ನು ಇಟ್ಟಿದ್ದರು. ತುಡುವೆ ಮರದ ಪೊಟರೆಯಲ್ಲಿ, ಹುತ್ತದಲ್ಲಿ, ಕತ್ತಲಲ್ಲಿ ಸಾಲಾಗಿ ಎರಿ ಕಟ್ಟುವ ಜಾತಿಯಾದ್ದರಿಂದ ಪೆಟ್ಟಿಗೆಗೆ ಒಗ್ಗುತ್ತದೆ. ಹೆಜ್ಜೇನು ಹಾಗಲ್ಲ, ಎತ್ತರದ ಕೊಂಬೆಯ ಅಡಿಗೋ ಬಂಡೆಯ ಚಾಚಿಗೋ ಒಂದೇ ಒಂದು ದೊಡ್ಡ ಎರಿಯನ್ನು ಬಯಲಿಗೇ ಕಟ್ಟಿ, ಹೂವಿನ ಕಾಲ ಮುಗಿಯುತ್ತಿದ್ದಂತೆ ಎದ್ದು ಹೋಗುತ್ತದೆ. ಆದ್ದರಿಂದ ‘ಆರ್ಕ್: ಸರ್ವೈವಲ್ ಇವಾಲ್ವ್ಡ್’ ಆಟದಲ್ಲಿ ಹೆಜ್ಜೇನಿಗಿಂತ ಎಷ್ಟೋ ಪಟ್ಟು ದೊಡ್ಡದಾದ ಜೇನನ್ನು ಹಿಡಿದು ಮನೆಯ ಪಕ್ಕದಲ್ಲೇ ಸಾಕಬಹುದು ಎಂದು ಅಣ್ಣನ ಮಗ ಹೇಳಿದಾಗ, ಡೈನೋಸಾರ್‌ಗಳನ್ನೆಲ್ಲ ಬದಿಗಿಟ್ಟು ಅದರ ಹಿಂದೆಯೇ ಬಿದ್ದೆ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಸ್ಟುಡಿಯೋ ವೈಲ್ಡ್‌ಕಾರ್ಡ್ ಸಂಸ್ಥೆ 2015ರ ಜೂನ್‌ನಲ್ಲಿ ಇದನ್ನು ಮೊದಲು ಆಡಲು ಬಿಟ್ಟಿತು. ಪೂರ್ಣ ರೂಪದ ಬಿಡುಗಡೆಯಾದದ್ದು 2017ರ ಆಗಸ್ಟ್‌ನಲ್ಲಿ. ಬರಿಗೈಯಲ್ಲಿ ದ್ವೀಪವೊಂದರ ದಡದಲ್ಲಿ ಎಚ್ಚರಗೊಳ್ಳುವ ನಾವು ಹಸಿವು, ಚಳಿ ಮತ್ತು ಮೃಗಗಳ ನಡುವೆ ಬದುಕು ಕಟ್ಟಿಕೊಳ್ಳಬೇಕು, ಸಿಕ್ಕ ಪ್ರಾಣಿಗಳನ್ನು ಪಳಗಿಸಬೇಕು. ಪ್ರತಿ ಪ್ರಾಣಿಗೂ ಒಂದು ಟಿಪ್ಪಣಿ ಪುಟವಿದೆ. ಹೆಲೆನಾ ಎಂಬ ಜೀವಶಾಸ್ತ್ರಜ್ಞೆ ಬರೆದದ್ದು ಎಂಬ ಕಲ್ಪನೆ ಅದರದು. ಅದರಲ್ಲಿ ಈ ಜೇನಿಗೆ ಎಪಿಸ್ ಕುಲದ ಹೆಸರೇ ಇದೆ; ನಮ್ಮ ತುಡುವೆ, ಹೆಜ್ಜೇನು, ಕೋಲುಜೇನು ಮೂರೂ ಸೇರುವ ಕುಲವದು.

ಈ ಜೇನಿನ ಗೂಡುಗಳು ಮುಖ್ಯವಾಗಿ ಸಿಗುವುದು ರೆಡ್‌ವುಡ್ ಕಾಡಿನಲ್ಲಿ, ಆಕಾಶಕ್ಕೆ ಮುಟ್ಟುವಂತಹ ಮರಗಳ ಕಾಂಡಕ್ಕೆ ಅಂಟಿಕೊಂಡು. ಆ ಕಾಡು ಸುಲಭದ ಜಾಗವಲ್ಲ. ಥೈಲಕೋಲಿಯೊ ಎಂಬ ಮೃಗ ಕಾಂಡಗಳ ಮೇಲೆ ಅಡಗಿ ಕುಳಿತು, ಕೆಳಗೆ ಹೋಗುವವರ ಮೈಮೇಲೆ ಎರಗುತ್ತದೆ. ಹೀಗಾಗಿ ಗೂಡು ಹುಡುಕುವವನು ಕತ್ತೆತ್ತಿಯೇ ನಡೆಯಬೇಕು, ಒಂದು ಕಣ್ಣು ಜೇನಿಗೆ, ಇನ್ನೊಂದು ಮೃಗಕ್ಕೆ.

ಪಳಗಿಸಲು ಬರುವುದು ರಾಣಿ ನೊಣವನ್ನು ಮಾತ್ರ. ಅದು ಗೂಡಿನೊಳಗೇ ಇರುತ್ತದೆ. ಕಾಡಿನ ಗೂಡನ್ನು ಒಡೆದಾಗಷ್ಟೇ ಹೊರಬರುತ್ತದೆ, ಜೊತೆಗೆ ಕೆರಳಿದ ಉಳಿದ ನೊಣಗಳೂ ಬರುತ್ತವೆ. ನನ್ನ ಮೊದಲ ಪ್ರಯತ್ನ ಕೆಟ್ಟದ್ದು ಇಲ್ಲಿಯೇ. ಏರಿ ಬಂದಿದ್ದ ಡೈನೋಸಾರ್ ರ‍್ಯಾಪ್ಟರನ್ನು ಹತ್ತಿರದಲ್ಲೇ ನಿಲ್ಲಿಸಿದ್ದೆ, ಅದರ ಸ್ವಭಾವವನ್ನು ‘ಪ್ಯಾಸಿವ್’ಗೆ, ಅಂದರೆ ಏನೇ ಆದರೂ ಸುಮ್ಮನಿರುವಂತೆ, ಬದಲಿಸಿರಲಿಲ್ಲ. ಗೂಡು ಒಡೆಯಿತು, ನೊಣಗಳು ನನ್ನನ್ನು ಮುತ್ತಿದವು, ಯಜಮಾನನಿಗೆ ಏಟು ಬೀಳುವುದನ್ನು ಕಂಡ ರ‍್ಯಾಪ್ಟರ್ ಹಾರಿ ಬಂದು ಸಿಕ್ಕಿದ್ದನ್ನೆಲ್ಲ ಕಚ್ಚಿತು. ನೊಣಗಳು ಸತ್ತು ಬಿದ್ದ ಮೇಲೆ ನೋಡಿದರೆ ಅವುಗಳ ನಡುವೆ ರಾಣಿಯೂ ಇತ್ತು. ಗೂಡೂ ಹೋಯಿತು, ರಾಣಿಯೂ ಹೋಯಿತು. ಆಟವೇ ಆದರೂ ಒಂದು ಸಂಸಾರವನ್ನು ಕಾರಣವಿಲ್ಲದೆ ಹಾಳು ಮಾಡಿದೆನೆಂಬ ನೋವು ಆ ರಾತ್ರಿಯೆಲ್ಲ ಉಳಿಯಿತು.

ಎರಡನೆಯ ಬಾರಿ ಸಿದ್ಧತೆ ಮಾಡಿಕೊಂಡು ಹೋದೆ. ಮೈಗೆ ಗಿಲ್ಲಿ ಸೂಟ್, ಅಂದರೆ ಎಲೆ ನಾರುಗಳ ಮರೆವೇಷ. ಮೇಲೆ ಕೀಟಗಳು ಹತ್ತಿರ ಬಾರದಂತೆ ಬಳಿದುಕೊಳ್ಳುವ ಔಷಧ. ರ‍್ಯಾಪ್ಟರನ್ನು ತುಂಬ ದೂರದಲ್ಲಿ ಬಿಟ್ಟೆ. ಕೈಗೆಟುಕುವ ಎತ್ತರದ ಗೂಡೊಂದನ್ನು ಆರಿಸಿಕೊಂಡು, ಒಡೆದ ಕೂಡಲೇ ಹಿಂದೆ ಸರಿದು ಮರದ ಬೇರಿನ ಮರೆಯಲ್ಲಿ ಕುಳಿತೆ. ಗದ್ದಲ ತಗ್ಗಿದ ಮೇಲೆ ರಾಣಿ ತೇಲುತ್ತ ಬರುವುದು ಕಂಡಿತು. ತೆರೆಯ ಕೆಳಗಿನ ಸಾಮಗ್ರಿ ಪಟ್ಟಿಯ ಕೊನೆಯ ಮನೆಯಲ್ಲಿ ಅಪರೂಪದ ಹೂವನ್ನು ಇಟ್ಟುಕೊಂಡು ಹತ್ತಿರ ಹೋಗಿ, ತಿನ್ನಿಸು ಎಂಬ ಸೂಚನೆ ಮೂಡುವ ಆ ಕ್ಷಣಕ್ಕೆ ಗುಂಡಿ ಒತ್ತಬೇಕು. ರಾಣಿ ಒಂದು ಹೂ ತೆಗೆದುಕೊಂಡಿತು. ಆಮೇಲೆ ಅದಕ್ಕೆ ಮತ್ತೆ ಹಸಿವಾಗುವವರೆಗೆ ಕಾಯುವುದು, ಅದು ಹಾರಿದ ಕಡೆಗೆಲ್ಲ ಬಾಗಿ ನಡೆಯುವುದು, ಸುತ್ತಲಿನ ನೊಣಗಳಿಗೆ ತಾಗದಂತೆ ಜಾಗ ಬಿಡುವುದು. ಬಡಿದು ಬೀಳಿಸಿ ಪಳಗಿಸುವ ಪ್ರಾಣಿಗಳ ಹಾಗೆ ಇಲ್ಲಿ ಬಲಕ್ಕೆ ಕೆಲಸವೇ ಇಲ್ಲ. ನನಗೆ ಇದು ಆ ಇಡೀ ಆಟದ ಅತ್ಯಂತ ಚೆಂದದ ಅರ್ಧ ಗಂಟೆ.

ಆ ಹೊತ್ತಿನಲ್ಲಿ ನೆನಪಿಗೆ ಬಂದದ್ದು ದೊಡ್ಡಪ್ಪ ಪೊಟರೆಯಿಂದ ತುಡುವೆ ತೆಗೆಯುತ್ತಿದ್ದ ಬಗೆ. ಎರಿಗಳನ್ನು ಒಂದೊಂದಾಗಿ ಕೊಯ್ದು ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟುವರು, ನೊಣಗಳನ್ನು ಬೊಗಸೆಯಲ್ಲಿ ಎತ್ತಿ ಪೆಟ್ಟಿಗೆಗೆ ಬಿಡುವರು. ಆದರೆ ಕಣ್ಣು ಮಾತ್ರ ಮೊದಲಿನಿಂದ ಕೊನೆಯವರೆಗೆ ರಾಣಿಯನ್ನೇ ಹುಡುಕುತ್ತಿರುತ್ತಿತ್ತು. ರಾಣಿ ಒಳಗೆ ಸೇರಿತೆಂದರೆ ಉಳಿದ ನೊಣಗಳು ತಾವಾಗಿಯೇ ಸಾಲುಗಟ್ಟಿ ಒಳಗೆ ನಡೆಯುತ್ತಿದ್ದವು. ಬಾಗಿಲಿಗೆ ರಾಣಿ ಗೇಟ್ ಹಾಕಿ ಕೆಲವು ದಿನ ಬಿಡುವುದು ವಾಡಿಕೆ. ಅದರ ಕಿಂಡಿಯಲ್ಲಿ ಕೆಲಸದ ನೊಣಗಳು ನುಸುಳುತ್ತವೆ, ರಾಣಿಗೆ ಆಗುವುದಿಲ್ಲ. ಆಟವನ್ನು ರೂಪಿಸಿದವರು ಜೇನುಸಾಕಣೆಯ ಈ ತಿರುಳನ್ನು ಸರಿಯಾಗಿ ಹಿಡಿದಿದ್ದಾರೆ ಎನ್ನುವುದೇ ನನಗೆ ಇದರಲ್ಲಿ ಇಷ್ಟವಾದದ್ದು.

ಪಳಗಿದ ರಾಣಿಯನ್ನು ಹಿಂಬಾಲಿಸುವಂತೆ ಮಾಡಿ ಮನೆಗೆ ತಂದು, ಬೇಕಾದ ಜಾಗದಲ್ಲಿ ಗೂಡು ಕಟ್ಟಲು ಹೇಳಬಹುದು. ಅಲ್ಲಿಂದ ಮುಂದೆ ರಾಣಿ ಹಾರಾಡುವುದಿಲ್ಲ, ಆ ಗೂಡೇ ರಾಣಿ. ಹೊಸಬರು ಎಡವುವುದು ಇದರ ನಂತರ. ಗೂಡು ನಿಂತಿತೆಂದರೆ ಜೇನುತುಪ್ಪ ತಾನಾಗಿ ಬರುತ್ತದೆ ಎಂದುಕೊಳ್ಳುತ್ತಾರೆ, ನಾನೂ ಹಾಗೆಯೇ ಅಂದುಕೊಂಡಿದ್ದೆ. ಗೂಡಿನೊಳಗೆ ನಾವು ಅಪರೂಪದ ಹೂಗಳನ್ನು ಹಾಕುತ್ತಲೇ ಇದ್ದರೆ ಮಾತ್ರ ತುಪ್ಪ. ಹೂ ಮುಗಿದರೆ ತುಪ್ಪವೂ ನಿಂತಿತು. ಹಿಡಿಯುವುದು ಒಂದು ದಿನದ ಕೆಲಸ, ಸಾಕುವುದು ಪ್ರತಿದಿನದ ಕೆಲಸ. ಮಲೆನಾಡಿನ ಮಳೆಗಾಲದಲ್ಲಿ ಹೂವಿಲ್ಲದೆ ತುಡುವೆಗೆ ಉಪವಾಸ ಬೀಳುವ ಹೊತ್ತಿಗೆ ದೊಡ್ಡಪ್ಪ ಸಕ್ಕರೆ ಪಾಕ ಮಾಡಿ ಪೆಟ್ಟಿಗೆಯೊಳಗೆ ಇಡುತ್ತಿದ್ದರು. ಇಲ್ಲಿ ಮಾತ್ರ ವರ್ಷವಿಡೀ ಮಳೆಗಾಲವೇ ಎಂದು ತಿಳಿದುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಹೂ ತರುವುದಕ್ಕೆ ನನ್ನ ದಾರಿ ಬೀವರ್‌ಗಳ ಅಣೆಕಟ್ಟುಗಳದು. ಜೌಗಿನ ಗಿಡಗಳಲ್ಲಿಯೂ ಹೂ ಸಿಗುತ್ತದೆ, ಆದರೆ ಅಲ್ಲಿ ಜಿಗಣೆ ಹತ್ತಿದರೆ ಜ್ವರ ಅಂಟಬಹುದು, ನೀರಿನಲ್ಲಿ ಮೊಸಳೆಗಳಿವೆ. ದೈತ್ಯ ಬೀವರ್‌ಗಳು ಕಟ್ಟಿದ ಅಣೆಕಟ್ಟಿನಲ್ಲಿ ಸೌದೆ, ಸಿಮೆಂಟಿನಂತಹ ಅಂಟು, ಅಣಬೆಗಳ ಜೊತೆಗೆ ಈ ಹೂಗಳೂ ಇರುತ್ತವೆ. ಕೈ ಹಾಕಿದರೆ ಬೀವರ್‌ಗಳು ಮೈಮೇಲೆ ಬರುತ್ತವೆ, ಅದಕ್ಕೆ ತಯಾರಾಗಿರಬೇಕು. ಬೇಕಾದ್ದನ್ನಷ್ಟೇ ತೆಗೆದು ಸೌದೆಯನ್ನು ಹಾಗೆಯೇ ಬಿಟ್ಟು ಬರುವವರು ಬಹಳ ಜನ. ಆದರೆ ಅಣೆಕಟ್ಟನ್ನು ಪೂರ್ತಿ ಖಾಲಿ ಮಾಡಿದರೆ ಮಾತ್ರ ಅದರ ಬದಲಿಗೆ ಹೊಸದು ಹುಟ್ಟುತ್ತದೆ. ಇನ್ನೊಂದು ಎಚ್ಚರಿಕೆ: ಹಸಿವಾಯಿತೆಂದು ಆ ಹೂವನ್ನು ನೀವೇ ತಿನ್ನಬೇಡಿ, ಸುತ್ತಮುತ್ತಲಿನ ಕಾಡುಪ್ರಾಣಿಗಳೆಲ್ಲ ನಿಮ್ಮ ಮೇಲೆ ತಿರುಗಿ ಬೀಳುತ್ತವೆ.

ಇಷ್ಟು ಕಷ್ಟಪಟ್ಟು ತೆಗೆದ ತುಪ್ಪಕ್ಕೆ ಉಪಯೋಗಗಳು ಬಹಳ. ಪಳಗಿಸಲು ಪ್ರಾಣಿಗಳಿಗೆ ತಿನ್ನಿಸುವ ಎಲ್ಲಕ್ಕಿಂತ ಮೇಲಿನ ದರ್ಜೆಯ ಕಿಬಲ್‌ಗೆ ಅದು ಬೇಕೇ ಬೇಕು. ತರಕಾರಿ ಸೇರಿಸಿ ಮಾಡುವ ಸಿಹಿ ಕೇಕಿಗೂ ಬೇಕು; ಆ ಕೇಕ್ ಸಸ್ಯಾಹಾರಿ ಪ್ರಾಣಿಗಳ ಗಾಯ ಮಾಗಿಸುತ್ತದೆ, ಕುರಿ ಮತ್ತು ದೈತ್ಯ ಬಸವನಹುಳುವನ್ನು ಪಳಗಿಸುವುದೂ ಅದರಿಂದಲೇ. ಕರಡಿಗೆ ತುಪ್ಪವೆಂದರೆ ಆಟದಲ್ಲಿಯೂ ಆಸೆ. ಪಳಗಿದ ಕರಡಿಯನ್ನೇರಿ ಹೋದರೆ ನೊಣಗಳನ್ನು ಕೆರಳಿಸದೆ ಕಾಡಿನ ಗೂಡುಗಳಿಂದಲೇ ತುಪ್ಪ ತೆಗೆಯಬಹುದು, ಗೂಡು ಸಾಕುವ ತೊಂದರೆಯೇ ಬೇಡ ಎನ್ನುವವರ ಮಾತು ಲೆಕ್ಕದಲ್ಲಿ ಸರಿ. ಆದರೂ ನನಗೆ ಮನೆಯ ಗೂಡೇ ಬೇಕು. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆಯನ್ನು ಹೊಡೆದು ಹಾಕಿದಾಗ ನಮ್ಮ ಮನೆಯ ಪೆಟ್ಟಿಗೆಗಳೂ ಒಂದೊಂದಾಗಿ ಖಾಲಿಯಾದವು. ಎರಿಯ ಮನೆಗಳಲ್ಲಿ ಸತ್ತ ಮರಿಹುಳುಗಳು ನೀರು ತುಂಬಿದ ಸಣ್ಣ ಚೀಲಗಳಂತೆ ಇದ್ದದ್ದನ್ನು ದೊಡ್ಡಪ್ಪ ಕಡ್ಡಿಯಿಂದ ಎತ್ತಿ ತೋರಿಸಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಖಾಲಿ ಪೆಟ್ಟಿಗೆಗಳನ್ನು ಕಂಡವನಿಗೆ ತುಂಬಿದ ಗೂಡೊಂದು ಅಂಗಳದಲ್ಲಿ ಇರುವುದೇ ಬೇರೆ ಸಂಗತಿ.

ಕಳೆದ ಬಾರಿ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ದೊಡ್ಡಪ್ಪನಿಗೆ ನನ್ನ ಮೂರು ಗೂಡುಗಳನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು, ನೊಣದ ಗಾತ್ರವನ್ನು ಬಹಳ ಹೊತ್ತು ನೋಡಿದರು. ಇದಕ್ಕೆ ಮೇವು ಎಲ್ಲಿಂದ ಎಂದು ಕೇಳಿದರು. ಹೂವಿನ ವಿಷಯ ಹೇಳಿ, ಪೆಟಾರಿ ತೆರೆದು ದಾಸ್ತಾನು ತೋರಿಸಿದೆ. ಅರವತ್ತೆರಡು ಹೂಗಳಿದ್ದವು.

“ಮೂರು ಗೂಡಿಗೆ ಇಷ್ಟು ಸಾಲ್ತಿಲ್ಲೆ,” ಎಂದರು.

ಊಟ ಮುಗಿಸಿ, ಅವರು ಪಕ್ಕದಲ್ಲಿ ಕುಳಿತು ನೋಡುತ್ತಿರುವಂತೆಯೇ, ಬೀವರ್‌ಗಳ ಹೊಳೆಯ ಕಡೆಗೆ ಹೊರಟೆ.