ಸೈಕಾಲಜಿ ಎಂಟ್ರೆನ್ಸ್ ತಯಾರಿ: ಇತಿಹಾಸದ ಭಾಗ ಎಲ್ಲಿಗೆ ಬಂತು

ಇತಿಹಾಸ ಮತ್ತು ಪಂಥಗಳ ಭಾಗ ಅಂತೂ ಒಂದು ಹಂತಕ್ಕೆ ಬಂತು. ಎಂ.ಎಸ್ಸಿ. ಸೈಕಾಲಜಿ ಪ್ರವೇಶ ಪರೀಕ್ಷೆಗೆ ಓದುತ್ತಿರುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಇಲ್ಲಿಯವರೆಗಿನದನ್ನು ಬರೆದಿಡುತ್ತಿದ್ದೇನೆ.

ನಾನು ಬಿಡಿಸಿದ ಹಳೇ ಪ್ರಶ್ನೆಗಳಲ್ಲಿ ಈ ಭಾಗದ್ದು ಹೆಚ್ಚಾಗಿ ಎರಡು ಥರ ಇದ್ದವು. ಯಾರು ಯಾವ ಪಂಥ ಅಂತ ಹೊಂದಿಸಿ ಬರೆಯುವುದು, ಇಲ್ಲವೇ ಯಾವುದು ಮೊದಲು ಯಾವುದು ಆಮೇಲೆ ಅಂತ ಜೋಡಿಸುವುದು. ಗೈಡುಗಳಲ್ಲಿ ಇದಕ್ಕೆ ಒಂದು ಟೇಬಲ್ ಕೊಟ್ಟಿರುತ್ತಾರೆ. ಉರು ಹೊಡೆದರೆ ಬರುತ್ತದೆ, ಆದರೆ ಬೇಗ ಕಲಸಿಹೋಗುತ್ತದೆ. ಅದಕ್ಕೆ ಈ ಸಲ ಒಂದು ದೊಡ್ಡ ಡ್ರಾಯಿಂಗ್ ಶೀಟ್ ತಂದು, ನಡುವೆ ಲೈಪ್‌ಜಿಗ್ (ಜರ್ಮನಿಯ ಊರು) ಅಂತ ಬರೆದು, ಯಾರು ಯಾರ ಹತ್ತಿರ ಓದಿದರು, ಆಮೇಲೆ ಯಾರ ಮಾತು ಒಪ್ಪದೆ ಬೇರೆ ದಾರಿ ಹಿಡಿದರು ಅಂತ ಗೆರೆ ಎಳೆಯುತ್ತಾ ಹೋದೆ.

1879ರಲ್ಲಿ ವಿಲ್ಹೆಲ್ಮ್ ವುಂಟ್ ಲೈಪ್‌ಜಿಗ್‌ನಲ್ಲಿ ಸೈಕಾಲಜಿಯ ಮೊದಲ ಪ್ರಯೋಗಾಲಯ ಶುರು ಮಾಡಿದ್ದು ಎಲ್ಲರಿಗೂ ಗೊತ್ತು. ಅದೇ ಊರಿನಲ್ಲಿ ಅದಕ್ಕಿಂತ ಮುಂಚೆ ವೇಬರ್, ಫೆಖ್ನರ್ ಇಬ್ಬರೂ ಕೆಲಸ ಮಾಡಿದ್ದರು. ಫೆಖ್ನರ್ ಅವರ ಸೈಕೋಫಿಸಿಕ್ಸ್ (ಹೊರಗಿನ ಪ್ರಚೋದನೆಗೂ ಒಳಗಿನ ಅನುಭವಕ್ಕೂ ಇರುವ ಸಂಬಂಧ ಅಳೆಯುವುದು) ಪುಸ್ತಕ ಬಂದಿದ್ದು 1860ರಲ್ಲಿ. ಹಾಗಾಗಿ ಜೋಡಿಸುವ ಪ್ರಶ್ನೆಗಳಲ್ಲಿ ಫೆಖ್ನರ್ ಯಾವಾಗಲೂ ವುಂಟ್‌ಗಿಂತ ಮೊದಲು ಬರುತ್ತಾರೆ.

ವುಂಟ್ ಹತ್ತಿರ ಪಿಎಚ್.ಡಿ. ಮಾಡಿದವರ ಹೆಸರು ಬರೆಯಲು ಶುರು ಮಾಡಿದರೆ ಅರ್ಧ ಸಿಲೆಬಸ್ ಅಲ್ಲೇ ಸಿಗುತ್ತದೆ. ಕ್ಯಾಟೆಲ್, ಮ್ಯೂನ್‌ಸ್ಟರ್‌ಬರ್ಗ್, ಟಿಚನರ್, ವಿಟ್ಮರ್, ಸ್ಪಿಯರ್‌ಮನ್. ಟಿಚನರ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ, ಮನಸ್ಸನ್ನು ಬಿಡಿ ಅಂಶಗಳಾಗಿ ಒಡೆದು ನೋಡುವ ಸ್ಟ್ರಕ್ಚರಲಿಸಂ ಕಟ್ಟಿದರು. ಅವರ ಶಿಸ್ತು ಎಷ್ಟಿತ್ತು ಅಂದರೆ, ಮುಂದೆ ಸೇಬು ಇಟ್ಟಾಗ ನೋಡುವವನು 'ಸೇಬು' ಅನ್ನುವ ಹಾಗಿಲ್ಲ. ಕೆಂಪು, ಹೊಳಪು, ದುಂಡಗಿರುವುದು, ಇಷ್ಟೇ ಹೇಳಬೇಕು. ಸೇಬು ಅಂದರೆ ಅದು ಸ್ಟಿಮ್ಯುಲಸ್ ಎರರ್, ಅಂದರೆ ಅನುಭವ ಬಿಟ್ಟು ವಸ್ತುವಿನ ಹೆಸರು ಹೇಳುವ ತಪ್ಪು. ಇದೊಂದನ್ನು ಮನೆಯಲ್ಲಿ ಒಂದು ಹಣ್ಣು ಇಟ್ಟುಕೊಂಡು ಮಾಡಿ ನೋಡಿ. ಮನಸ್ಸಿನ ಅಂಶಗಳನ್ನು ಬಿಡಿಬಿಡಿಯಾಗಿ ಹೇಳುವುದು ಎಷ್ಟು ಕಷ್ಟ, ಇಬ್ಬರು ಹೇಳಿದ್ದು ಒಂದೇ ಆಗುವುದು ಇನ್ನೆಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಅಲ್ಲಿಗೆ ಮುಂದಿನವರ ತಕರಾರು ಏನು ಅಂತ ತಾನಾಗೇ ಅರ್ಥ ಆಗುತ್ತದೆ.

ವಿಲಿಯಂ ಜೇಮ್ಸ್ 1890ರ ಪುಸ್ತಕದಲ್ಲಿ ಪ್ರಜ್ಞೆ ಹರಿಯುವ ಹೊಳೆಯ ಥರ, ಅದನ್ನು ತುಂಡು ಮಾಡಬೇಡಿ ಅಂದರು. ಅಲ್ಲಿಂದ ಫಂಕ್ಷನಲಿಸಂ, ಅಂದರೆ ಮನಸ್ಸು ಯಾವ ಕೆಲಸ ಮಾಡುತ್ತದೆ ಅಂತ ಕೇಳುವ ಪಂಥ. ಬಿಹೇವಿಯರಿಸಂ ಶುರು ಮಾಡಿದ ವಾಟ್ಸನ್ ಓದಿದ್ದು ಶಿಕಾಗೋದಲ್ಲಿ, ಫಂಕ್ಷನಲಿಸ್ಟ್ ಏಂಜೆಲ್ ಕೈಕೆಳಗೆ. 1913ರಲ್ಲಿ ವಾಟ್ಸನ್ ಆತ್ಮಾವಲೋಕನವನ್ನೇ (ತನ್ನ ಅನುಭವವನ್ನು ತಾನೇ ನೋಡಿ ಹೇಳುವುದನ್ನು) ಕೈಬಿಡೋಣ, ಕಣ್ಣಿಗೆ ಕಾಣುವ ವರ್ತನೆ ಸಾಕು ಅಂದುಬಿಟ್ಟರು. ಅದಕ್ಕೆ ದಾರಿ ಮಾಡಿದ್ದವರಲ್ಲಿ ಥಾರ್ನ್‌ಡೈಕ್ ಒಬ್ಬರು. 1898ರಲ್ಲಿ ಪಜಲ್ ಬಾಕ್ಸ್‌ನಲ್ಲಿ (ಪ್ರಾಣಿ ತಾನೇ ಬಾಗಿಲು ತೆಗೆದು ಹೊರಬರಬೇಕಾದ ಪೆಟ್ಟಿಗೆ) ಬೆಕ್ಕು ಕೂರಿಸುವ ಮೊದಲು ಅವರು ಕೋಳಿಮರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಮರಿಗಳನ್ನು ಇಡಲು ಜಾಗ ಸಿಗದಿದ್ದಾಗ ಜೇಮ್ಸ್ ತಮ್ಮ ಮನೆಯ ನೆಲಮಾಳಿಗೆಯನ್ನೇ ಬಿಟ್ಟುಕೊಟ್ಟರು. ಎಷ್ಟು ಒಳ್ಳೆಯ ಮೇಷ್ಟ್ರು ಅಲ್ವಾ! ಬಿಡಿ ಭಾಗಗಳಿಗಿಂತ ಇಡೀ ರೂಪ ಮುಖ್ಯ ಅನ್ನುವ ಗೆಸ್ಟಾಲ್ಟ್ ಪಂಥವನ್ನು ಬೇಗ ಮುಗಿಸಿದೆ. ವರ್ಥೈಮರ್ 1912, ಫೈ ಫಿನಾಮಿನನ್ (ಒಂದಾದ ಮೇಲೊಂದು ಮಿನುಗುವ ಬೆಳಕು ಚಲಿಸಿದಂತೆ ಕಾಣುವುದು). ಕೋಹ್ಲರ್, ಟೆನರೀಫ್ ದ್ವೀಪ, ಎರಡು ಕೋಲು ಜೋಡಿಸಿ ಬಾಳೆಹಣ್ಣು ಎಳೆದುಕೊಂಡ ಸುಲ್ತಾನ್ ಅನ್ನುವ ಚಿಂಪಾಂಜಿ.

ಇದೇ ಹಾಳೆಯಲ್ಲಿ ಸಿಟ್ಟು ಬರಿಸಿದ್ದು ಮೇರಿ ಕಾಲ್ಕಿನ್ಸ್ ಕಥೆ. ಹಾರ್ವರ್ಡ್‌ನಲ್ಲಿ ಜೇಮ್ಸ್ ಮತ್ತು ಮ್ಯೂನ್‌ಸ್ಟರ್‌ಬರ್ಗ್ ಹತ್ತಿರ ಓದಿ, ಪಿಎಚ್.ಡಿ.ಗೆ ಬೇಕಾದ್ದೆಲ್ಲ ಮುಗಿಸಿದರು. ಹೆಂಗಸು ಅನ್ನುವ ಕಾರಣಕ್ಕೆ ಪದವಿ ಕೊಡಲಿಲ್ಲ. 1905ರಲ್ಲಿ ಅವರೇ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಮೊದಲ ಮಹಿಳಾ ಅಧ್ಯಕ್ಷೆ ಆದರು. ಸೈಕಾಲಜಿಯಲ್ಲಿ ಪಿಎಚ್.ಡಿ. ಪಡೆದ ಮೊದಲ ಮಹಿಳೆ ಅಂತ ಕೇಳಿದರೆ ಉತ್ತರ ವಾಶ್‌ಬರ್ನ್, 1894, ಟಿಚನರ್ ಶಿಷ್ಯೆ. ಇವೆರಡನ್ನು ಜೊತೆಗೇ ನೆನಪಿಡಿ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಭಾರತದ ಗೆರೆಗಳು. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ 1905ರಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಸಿಲೆಬಸ್ ಬರೆದವರು ಬ್ರಜೇಂದ್ರನಾಥ ಸೀಲ್. ಅಲ್ಲಿ 1916ರಲ್ಲಿ ಶುರುವಾದ ವಿಭಾಗ ನಡೆಸಿದ ಎನ್.ಎನ್. ಸೇನ್‌ಗುಪ್ತ ಹಾರ್ವರ್ಡ್‌ನಲ್ಲಿ ಮ್ಯೂನ್‌ಸ್ಟರ್‌ಬರ್ಗ್ ಹತ್ತಿರ ಕಲಿತವರು. ಇದೇ ಸೀಲ್ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಆಗಿ ಬಂದರು. ಅವರ ಕಾಲದಲ್ಲೇ, 1924ರಲ್ಲಿ, ಮೈಸೂರಿನಲ್ಲಿ ಸೈಕಾಲಜಿ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್‌ನಲ್ಲಿ ಸ್ಪಿಯರ್‌ಮನ್ ಶಿಷ್ಯರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ' ಅನ್ನುವ ರೇಡಿಯೋ ಕೇಂದ್ರ ಶುರು ಮಾಡಿದವರೂ ಇವರೇ. ಮ್ಯೂನ್‌ಸ್ಟರ್‌ಬರ್ಗ್, ಸ್ಪಿಯರ್‌ಮನ್ ಇಬ್ಬರೂ ವುಂಟ್ ಶಿಷ್ಯರು ಅನ್ನುವುದನ್ನು ಮೇಲೇ ಬರೆದಿದ್ದೆನಲ್ಲ, ಹಾಗಾಗಿ ಕಲ್ಕತ್ತಾ, ಮೈಸೂರು ಎರಡೂ ಗೆರೆ ಹೋಗಿ ಲೈಪ್‌ಜಿಗ್‌ಗೇ ಸೇರುತ್ತವೆ. ಮೈಸೂರಿನ ವಿಭಾಗಕ್ಕೆ ಇಷ್ಟು ದೊಡ್ಡ ಪರಂಪರೆ ಇದೆ ಅನ್ನುವುದು ನಮ್ಮಲ್ಲಿ ಸೈಕಾಲಜಿ ಓದುವ ಎಲ್ಲರಿಗೂ ಮೊದಲ ವರ್ಷವೇ ಗೊತ್ತಾಗಬೇಕು.

ಶಾಖೆಗಳಿಗೂ ಈ ಹಾಳೆ ಕೆಲಸಕ್ಕೆ ಬಂತು. ಕ್ಲಿನಿಕಲ್ ಸೈಕಾಲಜಿಗೆ ವಿಟ್ಮರ್, 1896, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ಲಿನಿಕ್. ಅಲ್ಲಿಗೆ ಬಂದ ಮೊದಲ ಕೇಸು ಸ್ಪೆಲಿಂಗ್ ಬಾರದ ಒಬ್ಬ ಹುಡುಗನದು, ಕರೆತಂದಿದ್ದು ಅವನ ಟೀಚರ್. ಇಂಡಸ್ಟ್ರಿಯಲ್ (ಕೆಲಸದ ಜಾಗದ್ದು), ಫೊರೆನ್ಸಿಕ್ (ಕೋರ್ಟು, ಅಪರಾಧಕ್ಕೆ ಸಂಬಂಧಿಸಿದ್ದು) ಎರಡಕ್ಕೂ ಮ್ಯೂನ್‌ಸ್ಟರ್‌ಬರ್ಗ್. ಪ್ಯಾರಿಸ್‌ನ ಬಿನೆ (1905ರ ಬುದ್ಧಿಪರೀಕ್ಷೆ) ಮತ್ತು ವಿಯೆನ್ನಾದ ಫ್ರಾಯ್ಡ್ ಈ ಗುಂಪಿಗೆ ಸೇರುವುದಿಲ್ಲ. ಅವರಿಗೆ ಹಾಳೆಯ ಅಂಚಿನಲ್ಲಿ ಬೇರೆ ಜಾಗ ಕೊಟ್ಟಿದ್ದೇನೆ. ಫ್ರಾಯ್ಡ್‌ನಿಂದ ಹೊರಟ ಒಂದು ಗೆರೆ ಕಲ್ಕತ್ತಾಕ್ಕೆ ಬರುತ್ತದೆ. ಅಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲಿ ಮನೋವಿಶ್ಲೇಷಣಾ ಸಂಘ ಕಟ್ಟಿ, ಫ್ರಾಯ್ಡ್ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದರು. ನಿಮ್ಹಾನ್ಸ್‌ಗೆ ಎರಡು ವರ್ಷ ಬರೆದುಕೊಳ್ಳಿ: 1954ರಲ್ಲಿ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್, ಅದು ಮತ್ತು ಮಾನಸಿಕ ಆಸ್ಪತ್ರೆ ಸೇರಿ 1974ರಲ್ಲಿ ನಿಮ್ಹಾನ್ಸ್.

ರಿವಿಷನ್‌ಗೆ ನೆನಪಿನ ಮೇಲೆ ಪ್ರಯೋಗ ಮಾಡಿದ ಎಬಿಂಗ್‌ಹೌಸ್ ಮಾತು ಕೇಳುತ್ತಿದ್ದೇನೆ. 1885ರಲ್ಲಿ ಅವರು ತಮ್ಮ ಮೇಲೆಯೇ ಪ್ರಯೋಗ ಮಾಡಿ, ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯುತ್ತದೆ ಅಂತ ಅಳೆದರು. 20 ನಿಮಿಷದ ನಂತರ ಸುಮಾರು 58%, ಒಂದು ದಿನದ ನಂತರ 34%, 31 ದಿನದ ನಂತರ 21%. ಅಂದರೆ ದೊಡ್ಡ ನಷ್ಟ ಆಗುವುದು ಮೊದಲ ದಿನವೇ. ಹಾಗಾಗಿ ಇವತ್ತು ಎಳೆದ ಗೆರೆಗಳನ್ನು ಮಲಗುವ ಮುಂಚೆ ಒಂದು ಸಲ, ಬೆಳಿಗ್ಗೆ ಎದ್ದು ಇನ್ನೊಂದು ಸಲ, ಹಾಳೆ ನೋಡದೆ ಖಾಲಿ ಪೇಪರಿನ ಮೇಲೆ ಬರೆಯುತ್ತೇನೆ. ಸುಮ್ನೆ ಓದಿಕೊಂಡು ಹೋಗುವುದಕ್ಕಿಂತ ಇದು ಚೆನ್ನಾಗಿ ನಿಲ್ಲುತ್ತಿದೆ.

ಇನ್ನು ಬಾಕಿ ಇರುವುದು 1950ರ ನಂತರದ ಕಾಗ್ನಿಟಿವ್ (ಯೋಚನೆ, ನೆನಪು, ಭಾಷೆ ಕುರಿತ) ಭಾಗ: ಮಿಲ್ಲರ್ 1956, ಸ್ಕಿನ್ನರ್ ಪುಸ್ತಕದ ಮೇಲೆ ಚಾಮ್‌ಸ್ಕಿ ಬರೆದ ವಿಮರ್ಶೆ 1959, ನೈಸರ್ 1967. ಅದಾದ ಮೇಲೆ ಸ್ಟಾಟಿಸ್ಟಿಕ್ಸ್. ಅದನ್ನು ಸ್ಪಿಯರ್‌ಮನ್ ಅವರ 1904ರ ಜಿ ಫ್ಯಾಕ್ಟರ್ (ಸಾಮಾನ್ಯ ಬುದ್ಧಿಶಕ್ತಿ) ಮತ್ತು ರ‍್ಯಾಂಕ್ ಕೋರಿಲೇಷನ್‌ನಿಂದಲೇ (ಎರಡು ಶ್ರೇಣಿಗಳು ಎಷ್ಟು ಹೊಂದುತ್ತವೆ ಅನ್ನುವ ಅಳತೆ) ಹಿಡಿಯುತ್ತೇನೆ.