ಸೊನ್ನೆ ಮುಚ್ಚಲಿಲ್ಲ

ಮದುವೆಗೆ ಹನ್ನೆರಡು ದಿನ ಉಳಿದಿತ್ತು. 300 ಲಕೋಟೆ, ಪ್ರತಿಯೊಂದರ ಮೇಲೂ ಹೆಸರು-ವಿಳಾಸ ಕನ್ನಡದಲ್ಲಿ, ಕೈಯಲ್ಲೇ ಬರೆದ ಹಾಗೆ ಕಾಣಬೇಕು. ರಾಜಾಜಿನಗರದ ನಮ್ಮ ವರ್ಕ್‌ಶಾಪಿನಲ್ಲಿ ಪೆನ್ ಪ್ಲಾಟರ್ ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಪೆನ್ನು ಹಿಡಿದು ಕಾಗದದ ಮೇಲೆ ಬರೆಯುವ, ಚಿತ್ರ ಬಿಡಿಸುವ ಸಣ್ಣ ಯಂತ್ರಗಳು ಇವು. ಹಿಂದಿನ ವಾರವಷ್ಟೇ ಅದೇ ಯಂತ್ರ ಒಬ್ಬರ ಇಂಗ್ಲಿಷ್ ಕಾರ್ಡುಗಳನ್ನು ಚೊಕ್ಕವಾಗಿ ಬರೆದು ಮುಗಿಸಿತ್ತು. ಆ ಧೈರ್ಯದ ಮೇಲೆ ಮೊದಲ ಲಕೋಟೆ ಇಟ್ಟೆ: ‘ಮಲ್ಲೇಶ್ವರಂ, ಬೆಂಗಳೂರು’. ಎರಡೂ ಸೊನ್ನೆ ಬಾಯಿ ಬಿಟ್ಟುಕೊಂಡಿದ್ದವು. ಭೂತಗನ್ನಡಿ ಹಿಡಿದು ನೋಡಿದರೆ ಎಡಕ್ಕೊಂದು ಬಲಕ್ಕೊಂದು ನೆಟ್ಟನೆಯ ಚಪ್ಪಟೆ ಗೆರೆ. ಮೇಲೆ, ಕೆಳಗೆ ಮಾತ್ರ ದುಂಡಗಿತ್ತು.

ಆ ಚಪ್ಪಟೆ ಗೆರೆಯಲ್ಲೇ ಉತ್ತರ ಇತ್ತು. ನಾನು ಓದಲಿಲ್ಲ. ನೇರ ಕಂಪ್ಯೂಟರಿಗೆ ಕೈ ಹಾಕಿದೆ.

ಯಂತ್ರದ ಲೆಕ್ಕ ಸುಲಭ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ನೆಮಾ 17 ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ಮೋಟಾರಿಗೆ ಕರೆಂಟ್ ಕೊಟ್ಟು ನಡೆಸುವ ಡ್ರೈವರ್ ಬೋರ್ಡು ಪ್ರತಿ ಹೆಜ್ಜೆಯನ್ನೂ 16 ಭಾಗ ಮಾಡಿದರೆ 3200. ಜಿಟಿ2 ಬೆಲ್ಟಿನ ಹಲ್ಲಿನಿಂದ ಹಲ್ಲಿಗೆ 2 ಮಿ.ಮೀ., ಪುಲ್ಲಿಗೆ 20 ಹಲ್ಲು, ಅಲ್ಲಿಗೆ ಒಂದು ಸುತ್ತಿಗೆ 40 ಮಿ.ಮೀ. 3200ನ್ನು 40ರಿಂದ ಭಾಗಿಸಿದರೆ ಮಿಲಿಮೀಟರಿಗೆ 80 ಹೆಜ್ಜೆ. ಜಿಆರ್‌ಬಿಎಲ್ ಫರ್ಮ್‌ವೇರಿನಲ್ಲಿ (ಯಂತ್ರದ ಬೋರ್ಡಿನೊಳಗೇ ಇದ್ದು ಅದನ್ನು ನಡೆಸುವ ತಂತ್ರಾಂಶ) ಎಕ್ಸ್ ಅಕ್ಷಕ್ಕೆ, ಅಂದರೆ ಪೆನ್ನಿನ ಎಡ-ಬಲ ಓಟಕ್ಕೆ, ಈ ಸಂಖ್ಯೆ ಕೂರುವ ಜಾಗದ ಹೆಸರು $100. ನಾನು 100 ಮಿ.ಮೀ. ಗೆರೆ ಹಾಕಿಸಿ ಅಳೆದೆ, 99.4 ಬಂತು. ಸಂಖ್ಯೆಯನ್ನು 80.48 ಮಾಡಿದೆ. ಈಗ ಗೆರೆ ಸರಿಯಾಗಿ 100. ಖುಷಿಯಿಂದ ಲಕೋಟೆ ಹಾಕುತ್ತಾ ಹೋದೆ. ನಲವತ್ತಾದ ಮೇಲೆ ಒಟ್ಟಿಗೆ ಜೋಡಿಸಿ ನೋಡಿದರೆ ಒಂದರಲ್ಲೂ ಸೊನ್ನೆ ಮುಚ್ಚಿರಲಿಲ್ಲ. ಆ ನಲವತ್ತೂ ದಪ್ಪ ಕಾಗದದ, ಅರಿಶಿನ ಅಂಚಿನ ಲಕೋಟೆಗಳು. ಮದುಮಗಳ ತಾಯಿಯೇ ಅವೆನ್ಯೂ ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿ ಆರಿಸಿ ತಂದಿದ್ದವು. ಅವರಿಗೆ ಫೋನ್ ಮಾಡಿ ಹೇಳುವುದು ಬಹಳ ಕಷ್ಟವಾಯಿತು.

ನಮ್ಮಲ್ಲಿ ಒಬ್ಬ ಹಿರಿಯರಿದ್ದಾರೆ, ಮೊದಲು ಪೀಣ್ಯದಲ್ಲಿ ಲೇತ್ ಮೇಲೆ ದುಡಿದವರು. ಲಕೋಟೆ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: ‘10 ಮಿ.ಮೀ. ಗೆರೆ ಹಾಕಿ ಅಳೆದ್ಯಾ?’ ಅಳೆದಿರಲಿಲ್ಲ. ಸಂಖ್ಯೆಯನ್ನು ಮತ್ತೆ 80ಕ್ಕೆ ತಂದು, ಎದುರು ದಿಕ್ಕಿನಿಂದ ಬಂದು ಶುರುವಾಗುವ ಹಾಗೆ 10 ಮಿ.ಮೀ. ಗೆರೆ ಹಾಕಿಸಿ ಕ್ಯಾಲಿಪರ್ ಹಿಡಿದೆ. 9.4. ನೂರರಲ್ಲೂ 0.6 ಕಡಿಮೆ, ಹತ್ತರಲ್ಲೂ 0.6 ಕಡಿಮೆ. ಹೆಜ್ಜೆಯ ಲೆಕ್ಕ ತಪ್ಪಿದ್ದರೆ ಹತ್ತರಲ್ಲಿ 0.06 ಅಷ್ಟೇ ಕಡಿಮೆ ಆಗಬೇಕಿತ್ತು. ಗೆರೆ ಚಿಕ್ಕದಾಗಲಿ ದೊಡ್ಡದಾಗಲಿ ಅಷ್ಟೇ ನಷ್ಟ ಅಂದರೆ, ಯಂತ್ರ ದಿಕ್ಕು ಬದಲಿಸುವಾಗ ಎಲ್ಲೋ ಸಡಿಲ ಇದೆ. ಮೋಟಾರು ತಿರುಗುತ್ತದೆ, ಪೆನ್ನು ಹೊರಡುವುದಿಲ್ಲ. ಸೊನ್ನೆಯ ಎಡ ಬಲ ತುದಿಗಳಲ್ಲೇ ಎಕ್ಸ್ ಅಕ್ಷ ದಿಕ್ಕು ಬದಲಿಸುವುದು, ಚಪ್ಪಟೆಯೂ ಅಲ್ಲೇ ಇತ್ತು. 3 ಮಿ.ಮೀ. ಸೊನ್ನೆಯಲ್ಲಿ 0.6 ಹೋದರೆ ಐದರಲ್ಲೊಂದು ಪಾಲೇ ಹೋದಂತೆ.

ಕರೆಂಟ್ ತೆಗೆದು, ಎಡಗೈಯಲ್ಲಿ ಪುಲ್ಲಿ ಬಿಗಿಯಾಗಿ ಹಿಡಿದು ಬಲಗೈಯಲ್ಲಿ ಮೋಟಾರಿನ ಶಾಫ್ಟಿನ (ಒಳಗೆ ತಿರುಗುವ ಕಂಬಿಯ) ಹಿಂದಿನ ತುದಿ ತಿರುಗಿಸಿದೆ. ‘ಟಿಕ್’ ಅಂತ ಬೆರಳಿಗೆ ತಾಗಿತು, ಕಿವಿಗೆ ಕೇಳಿಸದಷ್ಟು ಸಣ್ಣದಾಗಿ. ಶಾಫ್ಟಿನ ಒಂದು ಬದಿ ಡಿ ಆಕಾರದಲ್ಲಿ ಚಪ್ಪಟೆ ಇರುತ್ತದೆ, ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ಸಣ್ಣ ಗ್ರಬ್ ಸ್ಕ್ರೂ ಅದರ ಮೇಲೆ ಸಮನಾಗಿ ಕೂರಬೇಕು. ನಮ್ಮದರಲ್ಲಿ ಸ್ಕ್ರೂ ಒಂದೂವರೆ ಸುತ್ತು ಸಡಿಲಾಗಿ, ಆ ಚಪ್ಪಟೆಯ ಎರಡು ಅಂಚಿನ ನಡುವೆ ತೂಗಾಡುತ್ತಿತ್ತು. ಈ ಪುಲ್ಲಿಯಲ್ಲಿ ಒಂದು ಡಿಗ್ರಿ ಅಂದರೆ 0.11 ಮಿ.ಮೀ., ಐದು ಡಿಗ್ರಿ ಮೇಲೆ ಸ್ವಲ್ಪ ತೂಗಿದರೆ ನಮ್ಮ 0.6 ಬಂದೇಬಿಟ್ಟಿತು. 1.5 ಮಿ.ಮೀ. ಅಲೆನ್ ಕೀ, ಸ್ಕ್ರೂ ಮತ್ತೆ ಸಡಿಲಾಗದ ಹಾಗೆ ಒಂದು ಹನಿ ಥ್ರೆಡ್ ಲಾಕ್ ಅಂಟು. ನಲವತ್ತು ಲಕೋಟೆ ಕಳೆದ ದೋಷಕ್ಕೆ ಅಷ್ಟೇ ಔಷಧಿ.

ಇಂಗ್ಲಿಷ್ ಕಾರ್ಡುಗಳಲ್ಲಿ ಇದು ಯಾಕೆ ಕಾಣಲಿಲ್ಲ ಅಂತ ಆಮೇಲೆ ಅವನ್ನು ತೆಗೆದು ನೋಡಿದೆ. ಅವು ನೆಟ್ಟಗೆರೆಯ ದೊಡ್ಡಕ್ಷರಗಳು. ಗೆರೆ ಅರ್ಧ ಮಿಲಿಮೀಟರು ಮೊದಲೇ ನಿಂತರೂ ಕಣ್ಣು ಕ್ಷಮಿಸುತ್ತದೆ. ನಮ್ಮ ಲಿಪಿ ಹಾಗಲ್ಲ. ‘ರ’, ‘ಠ’, ‘ಳ’, ಸೊನ್ನೆ, ಎಲ್ಲವೂ ಸುತ್ತು. ಸುತ್ತಿನಲ್ಲಿ ಎರಡೂ ಅಕ್ಷಗಳು ಮತ್ತೆ ಮತ್ತೆ ದಿಕ್ಕು ಬದಲಿಸಲೇಬೇಕು. ಅದಕ್ಕೇ ಈಗ ನಾನು ಯಾವ ಯಂತ್ರ ಬಂದರೂ ಮೊದಲು ಒಂದು 50 ಮಿ.ಮೀ. ವೃತ್ತ, ಪಕ್ಕದಲ್ಲಿ 3 ಮಿ.ಮೀ. ಸೊನ್ನೆ ಬರೆಸುತ್ತೇನೆ. ದೊಡ್ಡ ವೃತ್ತ ಅಡ್ಡಕ್ಕೋ ಉದ್ದಕ್ಕೋ ಮೊಟ್ಟೆಯಾದರೆ ಹೆಜ್ಜೆಯ ಲೆಕ್ಕ ನೋಡುತ್ತೇನೆ. ಮೊಟ್ಟೆ ಓರೆಯಾಗಿ ಮಲಗಿದ್ದರೆ ಎರಡು ಅಕ್ಷಗಳು ಮೂಲೆಮಟ್ಟಕ್ಕೆ ಕೂತಿಲ್ಲ. ಚಿತ್ರ ಪೂರ್ತಿ ಇಮ್ಮಡಿಯೋ ಅರ್ಧವೋ ಆಗಿದ್ದರೆ ಡ್ರೈವರ್ ಅಡಿಯ ಜಂಪರ್, ಅಂದರೆ ಒಂದು ಹೆಜ್ಜೆ ಎಷ್ಟು ಭಾಗ ಎಂದು ನಿರ್ಧರಿಸುವ ಪುಟ್ಟ ಪಿನ್ ಮುಚ್ಚಳಗಳನ್ನು ಎಣಿಸುತ್ತೇನೆ. ಆ ಹಾಳೆಯ ಮೇಲೆ ತಾರೀಖು ಬರೆದು ಫೈಲಿಗೆ ಹಾಕುವುದನ್ನೂ ಬಿಟ್ಟಿಲ್ಲ.

ಗ್ರಬ್ ಸ್ಕ್ರೂ ಬಿಗಿದ ಮೇಲೂ ಸೊನ್ನೆಯಲ್ಲಿ ಕೂದಲೆಳೆ ಸಂದಿ ಉಳಿದಿತ್ತು. ಅದು ಪೆನ್ ಹಿಡಿಯುವ ಭಾಗದ್ದು. ಪೆನ್ನನ್ನು ಎತ್ತಿ ಇಳಿಸುವ ಸಣ್ಣ ಸರ್ವೋ ಮೋಟಾರು ಅದನ್ನು ಕಾಗದಕ್ಕೆ ಒತ್ತಿ ಹಿಡಿಯುವ ಹಾಗೆ ಯಾರೋ ಕಟ್ಟಿದ್ದರು. ಒತ್ತಿದಷ್ಟೂ ತುದಿ ಎಳೆತಕ್ಕೆ ಬಾಗುತ್ತದೆ, ಲಕೋಟೆಯ ಮಡಿಕೆ ಬಂದ ಕಡೆ ಇನ್ನೂ ಹೆಚ್ಚು. ಸರ್ವೋ ಪೆನ್ನನ್ನು ಎತ್ತಲಿ ಸಾಕು, ಇಳಿಯುವುದು ಪೆನ್ನಿನ ತೂಕದ್ದೇ ಕೆಲಸ. ಹಾಗೆ ಬದಲಿಸಿ, ಇಳಿದ ಮೇಲೆ 0.2 ಸೆಕೆಂಡ್ ನಿಲ್ಲುವ ಆಜ್ಞೆ ಸೇರಿಸಿದೆ. ಅದಿಲ್ಲದಿದ್ದರೆ ಶಾಯಿ ತಾಗುವ ಮೊದಲೇ ಪೆನ್ನು ಓಡಿಬಿಡುತ್ತದೆ, ‘ಗ’ದ ತಲೆಕಟ್ಟು ಅರ್ಧಕ್ಕೇ ಇರುತ್ತದೆ.

ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ತಾವೇ ಕಟ್ಟುವವರಿಗೆ ಎರಡು ಮಾತು. ಎ4988 ಡ್ರೈವರ್ ತಂದರೆ ಅದರ ಮೇಲಿನ ಸಣ್ಣ ಕಪ್ಪು ರೆಸಿಸ್ಟರುಗಳನ್ನು ಓದಿ. ‘ಆರ್100’ ಅಂತಿದ್ದರೆ, ಡ್ರೈವರಿನ ಸಣ್ಣ ತಿರುಪಿನಿಂದ ಹೊಂದಿಸುವ 0.8 ವೋಲ್ಟಿಗೆ ಮೋಟಾರಿಗೆ ಹೋಗುವುದು 1 ಆಂಪ್. ‘ಆರ್050’ ಅಂತಿದ್ದರೆ ಅದೇ 0.8 ವೋಲ್ಟಿಗೆ 2 ಆಂಪ್, ಡ್ರೈವರಿನ ಚಿಪ್ ಸುಡುತ್ತದೆ. ಒಂದೇ ಅಂಗಡಿಯ ಒಂದೇ ಡಬ್ಬದಲ್ಲಿ ಎರಡೂ ಬೆರೆತದ್ದನ್ನು ನಾನು ನೋಡಿದ್ದೇನೆ. ಇನ್ನೊಂದು, ಪೆನ್ ಎತ್ತುವ ಪ್ರತಿ ಸಲ ಕಂಪ್ಯೂಟರಿನ ಸಂಪರ್ಕ ತಪ್ಪಿದರೆ ಯುಎಸ್‌ಬಿ ಕೇಬಲ್ ಬದಲಿಸುತ್ತಾ ಕೂರಬೇಡಿ. ಸರ್ವೋ ಯಂತ್ರವನ್ನು ನಡೆಸುವ ಆರ್ಡುಯಿನೊ ಬೋರ್ಡಿನ 5 ವೋಲ್ಟನ್ನೇ ಕುಡಿಯುತ್ತಿದೆ, ಅದಕ್ಕೆ ಬೋರ್ಡ್ ಮತ್ತೆ ಶುರುವಾಗುತ್ತಿದೆ. ಸರ್ವೋಗೆ ಬೇರೆ 5 ವೋಲ್ಟ್ ಕೊಡಿ, ಗ್ರೌಂಡ್ ವೈರ್ ಮಾತ್ರ ಎರಡಕ್ಕೂ ಒಂದೇ ಇರಲಿ.

ಯಂತ್ರ ಸರಿಹೋದರೂ ಅಕ್ಷರದ ಸಮಸ್ಯೆ ಬೇರೆಯೇ. ಕಂಪ್ಯೂಟರಿನ ಫಾಂಟುಗಳು ಅಂಚಿನ ಗೆರೆಯಿಂದ ಮಾಡಿದವು. ಪ್ಲಾಟರಿಗೆ ಕೊಟ್ಟರೆ ಪ್ರತಿ ಅಕ್ಷರವೂ ಟೊಳ್ಳಾಗಿ, ಜೋಡಿ ಗೆರೆಯಲ್ಲಿ ಬರುತ್ತದೆ. ಇಂಗ್ಲಿಷಿಗೆ 1967ರಲ್ಲೇ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದ ಅಲೆನ್ ಹರ್ಷೆ ಒಂಟಿಗೆರೆಯ ಅಕ್ಷರಗಳನ್ನು ಮಾಡಿಕೊಟ್ಟರು. ಗ್ರೀಕ್, ರಷ್ಯನ್, ಜಪಾನಿ ಅಕ್ಷರಗಳೂ ಅದರಲ್ಲಿವೆ. ಕನ್ನಡ ಇಲ್ಲ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಮಧ್ಯರೇಖೆ ಹುಡುಕಿಸುವ ಸೌಲಭ್ಯ ಇದೆ, ಆದರೆ ಒತ್ತಕ್ಷರ ಕೂಡುವ ಕಡೆ ಅದು ಗೆರೆಗಳಿಗೆ ಮುಳ್ಳು ಮೂಡಿಸುತ್ತದೆ. ಹೀಗಾಗಿ ಆ ಮದುವೆಗೆ ಬೇಕಾದ ಅಕ್ಷರಗಳನ್ನು ನಾನೇ ಟ್ಯಾಬ್ಲೆಟ್ ಮೇಲೆ ಒಂದೊಂದಾಗಿ ಬಿಡಿಸಿದ್ದೆ, ಅ ಆ ಇ ಈ ತಿದ್ದಿದ ಕ್ರಮದಲ್ಲೇ, ಕೈ ಎಲ್ಲಿ ಶುರು ಮಾಡುತ್ತದೋ ಅಲ್ಲಿಂದ. ಅದರಿಂದ ಪೆನ್ ಎತ್ತುವ ಲೆಕ್ಕವೂ ಕಡಿಮೆಯಾಯಿತು, ನೋಡಿದವರಿಗೆ ಕೈಬರಹವೇ ಅನ್ನಿಸಿತು.

ಮದುಮಗಳ ತಾಯಿ ಹೊಸ ಲಕೋಟೆಗಳನ್ನು ತಾವೇ ತಂದುಕೊಟ್ಟರು. ಒಂದು ಗಂಟೆ ಪಕ್ಕದಲ್ಲೇ ಕೂತು, ತಮ್ಮ ಅಕ್ಕನ ಹೆಸರು ಮೂಡುವುದನ್ನು ನೋಡಿದರು. ವಿಜಯಲಕ್ಷ್ಮಿ. ‘ಕ’ದ ಕೆಳಗೆ ‘ಷ’ದ ಒತ್ತು, ಅದರ ಜೊತೆ ‘ಮ’ದ ಒತ್ತು, ಮೇಲೆ ಗುಡಿಸು. ಮೂರು ಸಲ ಬಿಡಿಸಿದರೂ ಆ ‘ಮ’ ನನಗೆ ಇನ್ನೂ ಒಪ್ಪಿಗೆಯಾಗಿಲ್ಲ. ಈ ವಾರ ಮತ್ತೆ ಅದನ್ನೇ ಬಿಡಿಸುತ್ತಿದ್ದೇನೆ.