ಕ್ಯಾಸೆಟ್ ಕೆಲಸದ ಕಂಪ್ಯೂಟರಿಗೆ ವಿಂಡೋಸ್ 11 ಬೇಕೋ ಬೇಡವೋ: 2025ರ ತುಳು ತಿಂಗಳು ಆಟಿಯಿಂದ ಬೊಂತೆಲ್‌ವರೆಗೆ

ಆಟಿ

ಮಾವನ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಎಲ್ಲಿಗೆ ಮುಟ್ಟಿತು ಎಂದು ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಅರ್ಧಕ್ಕಿಂತ ತುಸು ಹೆಚ್ಚು ಆಗಿದೆ. ಸುಲಭದವು ಮುಗಿದವು, ಉಳಿದದ್ದೆಲ್ಲ ಸತಾಯಿಸುವವು: ಬೂಸ್ಟು ಹಿಡಿದವು, ಟೇಪನ್ನು ಹೆಡ್ಡಿಗೆ ಒತ್ತುವ ಪ್ರೆಶರ್ ಪ್ಯಾಡ್ ಕಳಚಿ ಬಿದ್ದವು, ಚೀಟಿಯೇ ಇಲ್ಲದವು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆಯ ಕಡೆ ಎಲ್ಲಿ ತಾಳಮದ್ದಳೆ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಇದ್ದರೂ ಮಾವ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ಅದನ್ನೆಲ್ಲ ಟ್ರಂಕಿಗೆ ತುಂಬಿ ಅಟ್ಟದಲ್ಲಿಟ್ಟರು. ನಮ್ಮೂರಿನ ಮಳೆಗೆ ಅಟ್ಟದ ಟ್ರಂಕು ಯಾವ ಲೆಕ್ಕ?

ಹೊಸದಾಗಿ ಓದುವವರಿಗೆ ವ್ಯವಸ್ಥೆ ಹೇಳಿಬಿಡುತ್ತೇನೆ. ಕ್ಯಾಸೆಟ್ ಡೆಕ್‌ನಿಂದ ವಯರು ಒಂದು ಹಳೇ ಯುಎಸ್‌ಬಿ ಆಡಿಯೋ ಪೆಟ್ಟಿಗೆಗೆ, ಅಲ್ಲಿಂದ ಕಂಪ್ಯೂಟರಿಗೆ. ಕಂಪ್ಯೂಟರು ಇಂಟೆಲ್ ಐ5 6500, ಅಂದರೆ ಆರನೇ ತಲೆಮಾರಿನದ್ದು. ವಿಂಡೋಸ್ 10, ಅದರಲ್ಲಿ ರೆಕಾರ್ಡಿಂಗಿಗೆ ಆಡಾಸಿಟಿ. 24 ಬಿಟ್, 48 ಕಿಲೋಹರ್ಟ್ಸ್, ಸ್ಟೀರಿಯೋ. ಗಂಟೆಗೆ ಒಂದು ಜಿಬಿ ಚಿಲ್ಲರೆ ಜಾಗ ತಿನ್ನುತ್ತದೆ, 90 ನಿಮಿಷದ ಕ್ಯಾಸೆಟ್ ಒಂದೂವರೆ ಜಿಬಿ. ಮಾವನ ಮೈಕು ಒಂದೇ ಇದ್ದರೂ ಸ್ಟೀರಿಯೋದಲ್ಲೇ ತೆಗೆಯುತ್ತೇನೆ. ಎಷ್ಟೋ ಸಲ ಒಂದು ಬದಿ ಸವೆದಿರುತ್ತದೆ, ಇನ್ನೊಂದು ಬದಿ ಚೆನ್ನಾಗಿರುತ್ತದೆ. ಆಮೇಲೆ ಆರಿಸಿಕೊಳ್ಳಬಹುದು.

ಈ ತಿಂಗಳು ಕ್ಯಾಸೆಟ್‌ಗಿಂತ ಹೆಚ್ಚು ತಲೆ ತಿಂದದ್ದು ಪರದೆ ತುಂಬ ಬಂದ ಒಂದು ಸೂಚನೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಭದ್ರತೆಯ ಅಪ್‌ಡೇಟ್ ಇಲ್ಲ, 11ಕ್ಕೆ ಬನ್ನಿ. ಅದರ ಕೆಳಗೇ, ನಿಮ್ಮ ಕಂಪ್ಯೂಟರು 11ಕ್ಕೆ ಆಗುವುದಿಲ್ಲ. ಕರೆಯುವುದೂ ಅವರೇ, ಬಾಗಿಲು ಹಾಕುವುದೂ ಅವರೇ. 2015ರಲ್ಲಿ ಇದೇ ಕಂಪನಿಯ ಉದ್ಯೋಗಿಯೊಬ್ಬರು ವಿಂಡೋಸ್ 10ನ್ನು ವಿಂಡೋಸ್‌ನ ಕೊನೆಯ ಆವೃತ್ತಿ ಎಂದು ವೇದಿಕೆಯ ಮೇಲೆ ಹೇಳಿದ್ದರು. ಆರು ವರ್ಷದಲ್ಲಿ, 2021ರ ಅಕ್ಟೋಬರ್ 5ಕ್ಕೆ, 11 ಬಂತು.

ಸೋಣ

ಚೌತಿಯ ಗಡಿಬಿಡಿ ಮುಗಿಸಿ ಕಂಪ್ಯೂಟರಿನ ಹೊಟ್ಟೆ ನೋಡಿದೆ. ಮೈಕ್ರೋಸಾಫ್ಟ್‌ನದ್ದೇ ಪಿಸಿ ಹೆಲ್ತ್ ಚೆಕ್ ಎಂಬ ಪ್ರೋಗ್ರಾಂ ಉಂಟು, ಅದು ಒಂದೊಂದೇ ಷರತ್ತಿಗೆ ಹಸಿರು ಅಥವಾ ಕೆಂಪು ತೋರಿಸುತ್ತದೆ. 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಆದರೂ ಇರಬೇಕೆಂಬುದು: ಹಸಿರು. ಸೆಕ್ಯೂರ್ ಬೂಟ್ (ಸಹಿಯಿಲ್ಲದ ಪ್ರೋಗ್ರಾಮಿನಿಂದ ಯಂತ್ರ ಶುರುವಾಗದಂತೆ ತಡೆಯುವುದು): ಕೆಂಪು. ಟಿಪಿಎಂ 2.0: ಕೆಂಪು. ಪ್ರೊಸೆಸರ್: ಕೆಂಪು.

ಟಿಪಿಎಂ ಅಂದರೆ ಬೀಗದ ಕೈಗಳನ್ನು ಬಚ್ಚಿಡುವ ಚಿಪ್ಪು. ನನ್ನದರಲ್ಲಿ ಇಲ್ಲ ಎಂದುಕೊಂಡಿದ್ದೆ, ಉಂಟು. ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್ಸ್ ಆದ ಬಯೋಸ್‌ಗೆ ಹೋದರೆ ಪಿಟಿಟಿ ಎಂಬ ಹೆಸರಿನಲ್ಲಿ ಮೂಲೆಯಲ್ಲಿ ಮಲಗಿತ್ತು. ಇಂಟೆಲ್‌ನವರು ಪ್ರೊಸೆಸರಿನ ಜೊತೆಗೇ ಕೊಡುವ ಟಿಪಿಎಂ ಅದು, ಹಳೇ ಬೋರ್ಡುಗಳಲ್ಲಿ ಆಫ್ ಮಾಡಿಯೇ ಕಳಿಸಿರುತ್ತಾರೆ. ಆನ್ ಮಾಡಿದೆ. ಒಂದು ಕೆಂಪು ಹಸಿರಾಯಿತು.

ಸೆಕ್ಯೂರ್ ಬೂಟ್‌ಗೆ ಸ್ವಲ್ಪ ಜಾಸ್ತಿ ಕೆಲಸ. ಡಿಸ್ಕಿನ ವಿಭಾಗಗಳ ಪಟ್ಟಿ ಹಳೇ ಎಂಬಿಆರ್ ಪದ್ಧತಿಯಲ್ಲಿತ್ತು, ಯುಇಎಫ್‌ಐ ಎಂಬ ಹೊಸ ಕ್ರಮದಲ್ಲಿ ಬೂಟ್ ಆದರೆ ಮಾತ್ರ ಸೆಕ್ಯೂರ್ ಬೂಟ್, ಅದಕ್ಕೆ ಜಿಪಿಟಿ ಪದ್ಧತಿ ಬೇಕು. ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಎಂಬ ಉಪಕರಣ ಇದೆ, ಫೈಲ್ ಅಳಿಸದೆ ಬದಲಾಯಿಸುತ್ತದೆ. ಮೊದಲು ವ್ಯಾಲಿಡೇಟ್ ಆಜ್ಞೆ ಕೊಟ್ಟು ನೋಡಿ, ಆಮೇಲೆ ಕನ್ವರ್ಟ್. ನಾನು ಇಡೀ ಡಿಸ್ಕಿನ ನಕಲು ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆದೇ ಕೈ ಹಾಕಿದ್ದು. ಆಯಿತು. ಎರಡನೇ ಕೆಂಪೂ ಹೋಯಿತು.

ಮೂರನೆಯದು ಹೋಗುವುದಿಲ್ಲ. ಇಂಟೆಲ್‌ನಲ್ಲಿ ಏಳನೆಯದರ ಕೆಲವೇ ಕೆಲವನ್ನು ಬಿಟ್ಟರೆ ಎಂಟನೇ ತಲೆಮಾರಿನಿಂದ ಮೇಲಿನವು ಮಾತ್ರ ಪಟ್ಟಿಯಲ್ಲಿ ಇರುವುದು. 11ರ ಬಗ್ಗೆ ಎದ್ದಿರುವ ಗಲಾಟೆಯಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುವ ಭಾಗ ಇದೊಂದೇ. ಕೆಲಸ ಮಾಡುವ ಯಂತ್ರ, ಟಿಪಿಎಂ ಉಂಟು, ಸೆಕ್ಯೂರ್ ಬೂಟ್ ಉಂಟು, ರ‍್ಯಾಮ್ ಬೇಕಾದ್ದರ ನಾಲ್ಕು ಪಟ್ಟು ಉಂಟು. ಆದರೂ ಹೊರಗೆ.

ಕಾಸರಗೋಡಿನ ಕಂಪ್ಯೂಟರ್ ಅಂಗಡಿಯವನಲ್ಲಿ ಕೇಳಿದರೆ ತಲೆ ಎತ್ತದೆ ಹೇಳಿದ, "ಪುದಿಯದ್ ಎಡ್ತೋ ಮಾಷೇ." ಹೊಸತು ತೆಗೆದುಕೊಳ್ಳಿ ಎಂದು. ಅವನಿಗೆ ವ್ಯಾಪಾರ, ತಪ್ಪು ಹೇಳಲಿಕ್ಕಿಲ್ಲ. ಅಲ್ಲೇ ನಿಂತಿದ್ದ ಹುಡುಗನೊಬ್ಬ ಬೇರೆ ದಾರಿ ಹೇಳಿದ: ರುಫಸ್ ಎಂಬ ಪ್ರೋಗ್ರಾಮಿನಲ್ಲಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ಮಾಡುವಾಗ ಷರತ್ತುಗಳ ತಪಾಸಣೆ ತೆಗೆದುಹಾಕಬಹುದು, 11 ಒಳಗೆ ಹೋಗುತ್ತದೆ. ಹೌದು, ಹೋಗುತ್ತದೆ. ನನ್ನ ಪ್ರೊಸೆಸರಿಗೆ ಬೇಕಾದ ಇನ್‌ಸ್ಟ್ರಕ್ಷನ್‌ಗಳೆಲ್ಲ ಇರುವುದರಿಂದ 11ರ 24ಎಚ್2 ಆವೃತ್ತಿಯೂ ಓಡುತ್ತದೆ. ಆದರೆ ಇಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ನಮ್ಮದಲ್ಲ ಎಂದು ಮೈಕ್ರೋಸಾಫ್ಟ್ ಬರೆದೇ ಇಟ್ಟಿದೆ. ಅಪ್‌ಡೇಟ್ ನಿಲ್ಲುತ್ತದೆಂದು 10 ಬಿಡುವವನು, ಅಪ್‌ಡೇಟ್‌ಗೆ ಖಾತ್ರಿ ಇಲ್ಲದ 11ಕ್ಕೆ ಹೋಗಿ ಎಂತ ಮಾಡುವುದು?

ವಾಟ್ಸಾಪ್‌ನಲ್ಲಿ ಇನ್ನೊಂದು ಸುದ್ದಿ ಸುತ್ತುತ್ತಿದೆ, 11 ಹಾಕಿದರೆ ಅದು ಪರದೆಯ ಫೋಟೋ ತೆಗೆಯುತ್ತಾ ಇರುತ್ತದೆಂದು. ಅರ್ಧ ನಿಜ. ರಿಕಾಲ್ ಎಂಬುದನ್ನು 2024ರ ಮೇ ತಿಂಗಳಲ್ಲಿ ಪ್ರಕಟಿಸಿದಾಗ ಕೆಲವು ಸೆಕೆಂಡಿಗೊಮ್ಮೆ ಪರದೆಯ ಚಿತ್ರ ಉಳಿಸಿಕೊಳ್ಳುವುದೇ ಅದರ ಕೆಲಸವಾಗಿತ್ತು. ಅದನ್ನಿಟ್ಟ ಕಡತ ಯಂತ್ರಕ್ಕೆ ನುಗ್ಗಿದ ಯಾರು ಬೇಕಾದರೂ ತೆರೆಯುವ ಹಾಗಿದೆ ಎಂದು ಭದ್ರತೆಯ ತಜ್ಞರು ತೋರಿಸಿಕೊಟ್ಟ ಮೇಲೆ ಹಿಂದೆ ತೆಗೆದರು. 2025ರಲ್ಲಿ ಮತ್ತೆ ಬಿಟ್ಟಾಗ ನಾವಾಗಿ ಆನ್ ಮಾಡಿದರೆ ಮಾತ್ರ ಎಂದು ಬದಲಾಯಿತು. ಅದೂ ಕೋಪೈಲಟ್ ಪ್ಲಸ್ ಎಂಬ ಹೊಸ ಜಾತಿಯ ಯಂತ್ರಗಳಿಗೆ, ಎಐಗೆಂದೇ ಬೇರೆ ಚಿಪ್ಪು ಇರುವವುಗಳಿಗೆ. ನನ್ನ ಐ5ಕ್ಕೆ ಅದು ಬರುವ ಪ್ರಶ್ನೆಯೇ ಇಲ್ಲ. ಮೈಕ್ರೋಸಾಫ್ಟ್ ಖಾತೆ ಇಲ್ಲದೆ, ಇಂಟರ್ನೆಟ್ ಇಲ್ಲದೆ ಹೊಸದಾಗಿ ಹಾಕಲು ಬಿಡದ ಹಠ ಮಾತ್ರ ನಿಜ, ಅದು ನನ್ನಂಥವರಿಗೆ ನೇರ ತಾಗುತ್ತದೆ. ಟಾಸ್ಕ್‌ಬಾರ್ ಮೇಲೆ ಇಡಲಾಗುವುದಿಲ್ಲ, ವರ್ಡ್‌ಪ್ಯಾಡ್ ತೆಗೆದರು ಎಂಬಂಥ ದೂರುಗಳಿಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಈ ನಡುವೆ ಒಂದು ಕ್ಯಾಸೆಟ್ ಆಯಿತು. ಚೀಟಿಯಲ್ಲಿ ಮಾವನ ಅಕ್ಷರದಲ್ಲಿ "ಶೇಣಿ - ವಾಲಿ" ಎಂದಷ್ಟೇ ಇದ್ದದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥ (ಪಾತ್ರವಾಗಿ ಆಡುವ ಮಾತು) ಅಂದರೆ ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಪ್ಯಾಡ್ ಬಿದ್ದುಹೋಗಿ ಟೇಪು ಹೆಡ್ಡಿಗೆ ತಾಗುತ್ತಲೇ ಇರಲಿಲ್ಲ, ಹೊದ್ದು ಮಲಗಿದವರು ಮಾತಾಡಿದ ಹಾಗೆ ಸ್ವರ. ಅದರ ಪೆಟ್ಟಿಗೆಗೆ ಸ್ಕ್ರೂ ಇಲ್ಲ, ಅಂಟಿಸಿದ್ದು. ಬ್ಲೇಡಿನಿಂದ ಸಂದಿ ಬಿಡಿಸಿ, ಎರಡೂ ಸುರುಳಿಗಳನ್ನು ಅಲುಗಾಡದಂತೆ ಎತ್ತಿ, ಸ್ಕ್ರೂ ಇರುವ ಇನ್ನೊಂದು ಖಾಲಿ ಪೆಟ್ಟಿಗೆಗೆ ಇಳಿಸಿದೆ. ಡೆಕ್ಕಿನ ಹೆಡ್ಡಿನ ಪಕ್ಕದಲ್ಲಿ ಅದರ ಓರೆ ಸರಿಪಡಿಸುವ ಅಜಿಮತ್ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಚಕ್ರತಾಳದ ಸದ್ದು ಒಮ್ಮೆಲೇ ತೆರೆದುಕೊಂಡಿತು. ಭಾಗವತರು ಪದ ಎತ್ತುವ ಮೊದಲೇ ಅದೇ ಪದ ಸಣ್ಣಗೆ ಕೇಳುತ್ತದೆ. ಬಹಳ ವರ್ಷ ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತ ಪಕ್ಕದ ಸುತ್ತಿಗೆ ಹತ್ತಿದ್ದು ಅದು. ತೆಗೆಯಲು ಹೋಗಲಿಲ್ಲ, ಹಾಗೇ ಇಟ್ಟಿದ್ದೇನೆ.

ಇಂಥ ಟೇಪು ಇನ್ನೆಷ್ಟು ಸಲ ಓಡೀತು? ನಡುವಿನಲ್ಲಿ ಯಂತ್ರ ತಾನಾಗಿ ರೀಸ್ಟಾರ್ಟ್ ಆದರೆ ಅಥವಾ ಆಡಿಯೋ ಪೆಟ್ಟಿಗೆಯನ್ನು ವಿಂಡೋಸಿಗೆ ಜೋಡಿಸುವ ಪ್ರೋಗ್ರಾಂ ಆದ ಡ್ರೈವರ್ ಕೈಕೊಟ್ಟರೆ ಇನ್ನೊಮ್ಮೆ ಓಡಿಸುವಾಗ ಅದೇ ಸ್ವರ ಸಿಗುತ್ತದೆಂಬ ಧೈರ್ಯ ನನಗಿಲ್ಲ. 11 ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಅಲ್ಲಿಗೆ ಬಿಟ್ಟೆ. ರೆಕಾರ್ಡಿಂಗ್‌ಗೆ ಯಾವುದು ಅಡ್ಡ ಬರುವುದಿಲ್ಲ, ಅಷ್ಟು ಗೊತ್ತಾದರೆ ಸಾಕು.

ನಿರ್ನಾಲ

ನವರಾತ್ರಿ ರಜೆಗೆ ಅಣ್ಣನ ಮಗಳು ಮಂಗಳೂರಿನಿಂದ ಬಂದಳು. ಅವಳ ಲ್ಯಾಪ್‌ಟಾಪ್ ಹೊಸತು, ಬರುವಾಗಲೇ 11 ಇದ್ದದ್ದು. ಆಡಿಯೋ ಪೆಟ್ಟಿಗೆಯನ್ನು ಅದಕ್ಕೆ ಚುಚ್ಚಿ ನೋಡಿದೆವು. ಡ್ರೈವರ್ ಹಾಕಿದ ಕೂಡಲೇ, ಇದನ್ನು ಲೋಡ್ ಮಾಡಲು ಆಗುವುದಿಲ್ಲ ಎಂಬ ಸಂದೇಶ. ಕಾರಣ ಹುಡುಕಿದರೆ ಕೋರ್ ಐಸೊಲೇಷನ್ ಒಳಗಿನ ಮೆಮೊರಿ ಇಂಟೆಗ್ರಿಟಿ. ವಿಂಡೋಸಿನ ಒಳಮನೆಗೆ ಹೋಗುವ ಡ್ರೈವರ್‌ಗಳನ್ನು ಬೇರೊಂದು ಕಾವಲಿನಲ್ಲಿಟ್ಟು ಪರೀಕ್ಷಿಸುವ ವ್ಯವಸ್ಥೆ ಅದು. 10ರಲ್ಲೂ ಉಂಟು, ಆದರೆ 11ರ ಹೊಸ ಯಂತ್ರಗಳಲ್ಲಿ ಮೊದಲಿನಿಂದಲೇ ಆನ್ ಇರುತ್ತದೆ. ನಮ್ಮ ಪೆಟ್ಟಿಗೆಯ ಡ್ರೈವರ್ ಹಳೇ ಕಾಲದ್ದು, ಮಾಡಿದವರು ಅದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ಆಫ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ಪೆಟ್ಟಿಗೆ ಚಂದ ಕೆಲಸ ಮಾಡಿತು.

"ಅಪ್ಪಚ್ಚಿ, ಭದ್ರತೆಗೆ ಹೇಳಿ ಹನ್ನೊಂದು ಹಾಕುದು, ಮತ್ತೆ ಅದರ ಭದ್ರತೆಯನ್ನೇ ಆಫ್ ಮಾಡುದು. ಎಂತಕೆ?"

"ಅಪ್ಪು ಮಗಳೇ," ಹೌದೆಂದು ಒಪ್ಪಿ ಸುಮ್ಮನಾದೆ. ಅವಳ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಪುನಃ ಆನ್ ಮಾಡಿಯೇ ಎದ್ದದ್ದು.

ನನ್ನ ಆರನೇ ತಲೆಮಾರಿನ ಯಂತ್ರದಲ್ಲಿ ಈ ಕಾವಲು ತಾನಾಗಿ ಆನ್ ಆಗಲಿಕ್ಕಿಲ್ಲ. ಆದರೂ ಮುಂದೆ ಹೊಸ ಕಂಪ್ಯೂಟರು ಕೊಂಡರೂ ಈ ಪೆಟ್ಟಿಗೆಯ ಸಮಸ್ಯೆ ಬೆನ್ನು ಬಿಡುವುದಿಲ್ಲ ಎಂದು ಅಲ್ಲಿಗೆ ಖಾತ್ರಿಯಾಯಿತು. ಅಂಗಡಿಯವನ ಸಲಹೆ ಬಿದ್ದುಹೋಯಿತು.

ಉಳಿದದ್ದು ವಿಂಡೋಸಿನ ಬದಲಿಗೆ ಹಾಕಬಹುದಾದ ಲಿನಕ್ಸ್. ಇದು ನನಗೆ ಹೊಸತಲ್ಲ. ಕೇರಳದ ಶಾಲೆಗಳ ಕಂಪ್ಯೂಟರ್ ಕೋಣೆಯಲ್ಲಿ ಬಹಳ ಹಿಂದಿನಿಂದಲೂ ಗ್ನು/ಲಿನಕ್ಸೇ, ಈಗ ಸರ್ಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್‌ನವರು ಉಬುಂಟುವಿನ ಮೇಲೆ ಕಟ್ಟಿಕೊಡುತ್ತಾರೆ. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಕಲಿತದ್ದೂ ಅದರಲ್ಲೇ, ನಾನು ನಿವೃತ್ತಿಯವರೆಗೆ ಕಲಿಸಿದ್ದೂ ಅದರಲ್ಲೇ. ಮನೆಯಲ್ಲಿ ಮಾತ್ರ ವಿಂಡೋಸ್ ಇದ್ದದ್ದು ಈ ಪೆಟ್ಟಿಗೆಯ ಡ್ರೈವರಿಗಾಗಿ, ಮತ್ತೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಮಾಡಿದ ಹಳೇ ಚೀಟಿಗಳಿಗಾಗಿ.

ಬಳಸದೆ ಬಿದ್ದಿದ್ದ ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ 22 ಹಾಕಿದೆ. ಇದಕ್ಕೆ 2029ರವರೆಗೆ ಅಪ್‌ಡೇಟ್ ಉಂಟು, ಪ್ರೊಸೆಸರಿನ ಜಾತಕ ಕೇಳುವುದಿಲ್ಲ. ಪೆಟ್ಟಿಗೆ ಚುಚ್ಚಿದೆ. ಡ್ರೈವರ್ ಬೇಕೆಂದು ಕೇಳಲೇ ಇಲ್ಲ. ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಆಲ್ಸಾದಲ್ಲಿ ಇಂಥ ಎಷ್ಟೋ ಹಳೇ ಪೆಟ್ಟಿಗೆಗಳ ಗುರುತು ಮೊದಲೇ ಸೇರಿರುತ್ತದೆ, ನಮ್ಮದೂ ಅದರಲ್ಲಿತ್ತು. ಆಡಾಸಿಟಿಯಲ್ಲಿ ಇನ್‌ಪುಟ್‌ಗೆ ಡಿಫಾಲ್ಟ್ ಬಿಟ್ಟು ಎಚ್‌ಡಬ್ಲ್ಯೂ ಎಂದು ತೋರಿಸುವ ನೇರ ಸಾಧನ ಆರಿಸಿದರೆ ನಡುವೆ ಯಾರೂ ಕೈ ಹಾಕುವುದಿಲ್ಲ. ಹೋದರೂ ಚಿಂತೆಯಿಲ್ಲದ ಒಂದು ಭಜನೆಯ ಕ್ಯಾಸೆಟ್ಟನ್ನು ಪೂರ್ತಿ ಓಡಿಸಿದೆ. ಅಲೆಯನ್ನು ದೊಡ್ಡದು ಮಾಡಿ ನೋಡಿದರೆ ಎಲ್ಲೂ ತುಂಡಾಗಿಲ್ಲ.

ಕನ್ನಡ ಕೀಲಿಮಣೆಯೂ ಸುಲಭ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ವಿನ್ಯಾಸ ಇದೆ, ನುಡಿ ಅಭ್ಯಾಸ ಇದ್ದವರ ಬೆರಳು ತಡವರಿಸುವುದಿಲ್ಲ. ಹಳೇ ಚೀಟಿಗಳು ಮಾತ್ರ ಪೇಚಿಗೆ ಸಿಕ್ಕಿಸಿದವು. ಅವೆಲ್ಲ ಯೂನಿಕೋಡ್‌ಗಿಂತ ಹಿಂದಿನ ಫಾಂಟಿನವು. ಪರಿವರ್ತಿಸಿದರೆ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿ ಕರ್ಣನೆಲ್ಲ "ಕಣರ್" ಆಗಿ ಕೂತಿದ್ದಾನೆ. ತಾಳಮದ್ದಳೆಯ ಪಟ್ಟಿಯಲ್ಲಿ ಕರ್ಣ, ಅರ್ಜುನ, ಧರ್ಮರಾಯ ಎಷ್ಟು ಸಲ ಬರುತ್ತಾರೆಂದು ನೀವೇ ಊಹಿಸಿ. ಹುಡುಕಿ ಬದಲಾಯಿಸುವ ಕೆಲಸ ನಡೆಯುತ್ತಾ ಇದೆ.

ಪ್ರಿಂಟರ್ ಆಗಲಿಲ್ಲ. ಹಳೇ ಲೇಸರ್, ಲಿನಕ್ಸ್‌ನಲ್ಲಿ ಹೆಸರು ತೋರಿಸುತ್ತದೆ, ಕಾಗದ ಎಳೆಯುವುದಿಲ್ಲ. ಅದರ ಹಿಂದೆ ಬೀಳಲು ಹೋಗಲಿಲ್ಲ.

ಬೊಂತೆಲ್

ಅಕ್ಟೋಬರ್ 14 ಬಂತು, ಹೋಯಿತು. 10 ಏನೂ ನಿಂತುಹೋಗಲಿಲ್ಲ. ಇದನ್ನು ಯಾಕೆ ಬರೆಯುತ್ತೇನೆಂದರೆ, ಆ ದಿನ ಕಂಪ್ಯೂಟರ್ ಆನ್ ಆಗುವುದಿಲ್ಲ ಎಂದು ನಂಬಿ ಫೋನ್ ಮಾಡಿದವರಿದ್ದಾರೆ, ಓದಿದವರೇ.

ಸಮಯ ಬೇಕಾದವರಿಗೆ ಒಂದು ದಾರಿ ಉಂಟು. 10ರ ಕೊನೆಯ ಆವೃತ್ತಿಯಾದ 22ಎಚ್2 ಇದ್ದರೆ, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಹೆಸರು ನೋಂದಾಯಿಸಿ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಪಡೆಯಬಹುದು. ಸೆಟ್ಟಿಂಗ್ಸ್‌ಗಳ ಬ್ಯಾಕಪ್ ಒನ್‌ಡ್ರೈವ್‌ಗೆ ಹೋಗಲು ಬಿಟ್ಟರೆ ದುಡ್ಡಿಲ್ಲ, ಬಿಡದಿದ್ದರೆ 30 ಡಾಲರ್ ಅಥವಾ ಅವರ ಸಾವಿರ ರಿವಾರ್ಡ್ ಅಂಕ. ಹೇಗಿದ್ದರೂ ಮೈಕ್ರೋಸಾಫ್ಟ್ ಖಾತೆ ಬೇಕು. ಅಡಿಕೆ ಲೆಕ್ಕ ಬರೆಯುವ ನೆರೆಮನೆಯವರ ಕಂಪ್ಯೂಟರಿಗೆ ಇದನ್ನೇ ಮಾಡಿಕೊಟ್ಟೆ. ಅವರಿಗೆ ಬ್ಯಾಂಕಿನ ಕೆಲಸ ಅದರಲ್ಲೇ, ಹಳೇ ಪ್ರೋಗ್ರಾಮೂ ಅದರಲ್ಲೇ. ಒಂದು ವರ್ಷ ನಿಶ್ಚಿಂತೆ.

ನನ್ನ ಯಂತ್ರ ಈಗ ಎರಡು ಡಿಸ್ಕಿನದ್ದು. ಟೇಪಿನ ಕೆಲಸ ಪೂರ್ತಿ ಮಿಂಟ್‌ಗೆ ಹೋಯಿತು. ವಿಂಡೋಸ್ 10ರ ಡಿಸ್ಕ್ ಹಾಗೇ ಇದೆ, ಆದರೆ ಅದರಲ್ಲಿ ನೆಟ್‌ವರ್ಕ್ ಅಡಾಪ್ಟರ್ ಡಿಸೇಬಲ್. ಹಳೇ ಚೀಟಿ ತೆರೆಯುವುದು, ಪ್ರಿಂಟ್ ತೆಗೆಯುವುದು, ಅಷ್ಟೇ. ನೆಟ್ ಇಲ್ಲವೆಂದ ಮಾತ್ರಕ್ಕೆ ಭಯ ಇಲ್ಲವೆಂದಲ್ಲ. ನಮ್ಮ ಕಡೆ ವೈರಸ್ ಬರುವುದೇ ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನಲ್ಲಿ. ಆದ್ದರಿಂದ ಎರಡರ ನಡುವೆ ಓಡಾಡಲು ಒಂದೇ ಪೆನ್‌ಡ್ರೈವ್, ಅದು ಹೊಸಿಲು ದಾಟುವುದಿಲ್ಲ.

11ರ ಮೇಲೆ ನನಗೆ ಹಗೆಯೇನೂ ಇಲ್ಲ. ಹೆಂಡತಿಯ ಲ್ಯಾಪ್‌ಟಾಪ್ ಎಂಟನೇ ತಲೆಮಾರಿನದ್ದು, ಪಟ್ಟಿಯೊಳಗೆ ಬರುತ್ತದೆ. ಅದಕ್ಕೆ ಈ ತಿಂಗಳೇ ಹಾಕಿದೆ. ಒಗ್ಗದಿದ್ದರೆ ಹತ್ತು ದಿನದೊಳಗೆ 10ಕ್ಕೆ ಹಿಂದೆ ಹೋಗುವ ಅವಕಾಶ ಇದೆ, ಅವಳು ಕೇಳಲಿಲ್ಲ. ಸ್ಟಾರ್ಟ್ ಬಟನ್ ಎಡಕ್ಕೆ ತಂದುಕೊಡಿ ಎಂದಳು, ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಜಾಗ ಉಂಟು.

ಮುಂದಿನದ್ದು ಬೂಸ್ಟು ಹಿಡಿದ ಕ್ಯಾಸೆಟ್‌ಗಳು. ಮಳೆ ಬಿಟ್ಟದ್ದರಿಂದ ಈಗಲೇ ಶುರು ಮಾಡಬೇಕು. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮೊದಲ ಕಂತು ಒಣಗುತ್ತಿದೆ. ಬೂಸ್ಟಿನ ಟೇಪು ಓಡಿಸಲು ಬೇರೆಯೇ ಒಂದು ಡೆಕ್ ಬೇಕು, ಇಲ್ಲದಿದ್ದರೆ ಅದು ಹೆಡ್ಡಿಗೆ, ರೋಲರಿಗೆ ಅಂಟಿ ಒಳ್ಳೆಯ ಕ್ಯಾಸೆಟ್‌ಗಳಿಗೂ ದಾಟುತ್ತದೆ. ಬೆಲ್ಟ್ ಗಟ್ಟಿ ಇರುವ ಹಳೇ ಡೆಕ್ ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ, ಕುಂಬಳೆಯಿಂದ ಮುಳ್ಳೇರಿಯದವರೆಗೆ ಎಲ್ಲಿದ್ದರೂ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.